ದೊಡ್ಡಮ್ಮ ಬೈದಳು, ನಾನು ಉಳಿದೆ

ಹಸಿ ಸಿಮೆಂಟಿನ ವಾಸನೆ ಬಂದರೆ ಇಂದಿಗೂ ನನಗೆ ಆಗುವುದಿಲ್ಲ. ಸಾನಪಾಡಾದ ನಮ್ಮ ಕಟ್ಟಡಕ್ಕೆ ಈಚೆಗೆ ರಿಪೇರಿ ಶುರುವಾದಾಗ ಕಿಟಕಿಗಳನ್ನೆಲ್ಲ ಮುಚ್ಚಿ ಕುಳಿತೆ. ಆದರೂ ಅದು ಸಂದಿಗಳಲ್ಲಿ ನುಸುಳಿ ಬಂದು ನನ್ನನ್ನು ವಿಠ್ಠಲವಾಡಿಯ ಹಳೆಯ ಮನೆಗೆ ಎಳೆದೊಯ್ದಿತು. ಎರಡೇ ಕೋಣೆಯ ಮನೆ. ಹುರಿದ ಕೊತ್ತಂಬರಿಯ ಘಮ, ಲೋಕಲ್ ರೈಲು ಹಾದುಹೋದಾಗಲೆಲ್ಲ ಕಿಣಿಕಿಣಿ ಎನ್ನುವ ಸ್ಟೀಲು ಲೋಟಗಳು, ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅಪ್ಪ ಕಟ್ಟಿಸಿಕೊಂಡು ಬರುವ ಗೋಳಿಬಜೆ, ಮೆಲ್ಲಗೆ ಮಾತಾಡುವ ಅಮ್ಮ, ಮತ್ತು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಉಡುಪಿಯಿಂದ ಬಂದು ನಮ್ಮೊಂದಿಗಿದ್ದವಳು. ಮನೆಮಾತು ತುಳುವಾದರೂ, ಯಾವಾಗಲೂ ಹಿಂದಿಯಲ್ಲೇ ಉತ್ತರಿಸುವ ನಾನು ಕನ್ನಡ ಮರೆಯಬಾರದೆಂದು ಬೈಯುವುದನ್ನೆಲ್ಲ ಕನ್ನಡದಲ್ಲೇ ಬೈಯುತ್ತಿದ್ದಳು.

ಆ ಕಟ್ಟಡದ ಮಾಲೀಕ ಕೆಳಗಿನ ಅಂಗಡಿಯನ್ನು ದೊಡ್ಡದು ಮಾಡಲು ಒಂದು ಕಂಬವನ್ನೇ ಕಡಿಸಿದ. ನಮ್ಮ ಗೋಡೆ ಬಿರುಕು ಬಿಟ್ಟಿತು. ದೊಡ್ಡಮ್ಮ ಅವನನ್ನು ಮೆಟ್ಟಿಲಲ್ಲೇ ತಡೆದು ಕೇಳಿದಳು. "ಅರೇ ಮಾವ್ಶೀ, ಪ್ಲಾಸ್ಟರ್ ಹೈ, ಕುಛ್ ನಹೀ ಹೋತಾ," ಬರೀ ಗಾರೆ ಬಿಟ್ಟಿದೆ, ಏನೂ ಆಗುವುದಿಲ್ಲ ಎಂದು ನಕ್ಕು, ಬಿರುಕಿನ ಮೇಲೆ ಸಿಮೆಂಟು ಬಳಿಸಿ ಹೋದ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಕಟ್ಟಡ ಕುಸಿಯಿತು. ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು, ದೊಡ್ಡಮ್ಮ ಕಬ್ಬಿಣದ ಮಂಚದ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದೆವು. ನೆಲ ನಡುಗಿದ್ದೇ ಅವಳು ನನ್ನನ್ನು ಮಂಚದಡಿಗೆ ನೂಕಿ ತಾನೂ ನುಗ್ಗಿದಳು. ಆಮೇಲೆ ಕತ್ತಲೆ, ಬಾಯಿ ತುಂಬ ಧೂಳು. ಅವಳ ಕಾಲು ಎಲ್ಲೋ ಸಿಕ್ಕಿಕೊಂಡಿತ್ತು. ಸ್ವಲ್ಪ ಹೊತ್ತು ಅಡುಗೆಮನೆಯ ಕಡೆಯಿಂದ ಅಮ್ಮನ ದನಿ ಕೇಳಿಸಿತು. ನನ್ನ ಹೆಸರನ್ನೇ ಕರೆಯುತ್ತಿದ್ದಳು. ಆ ದನಿ ಸಣ್ಣಗಾಗತೊಡಗಿದಂತೆ ದೊಡ್ಡಮ್ಮ ದೊಡ್ಡ ಗಂಟಲಲ್ಲಿ ಮಾಲೀಕನನ್ನು ಬೈಯಲು ಶುರು ಮಾಡಿದಳು. ಅವನ ವಂಶ, ಅವನ ಅಂಗಡಿ, ಅವನ ನಗು, ಒಂದನ್ನೂ ಬಿಡಲಿಲ್ಲ. ಅಮ್ಮನ ದನಿ ನಿಂತದ್ದು ನನಗೆ ತಿಳಿಯದಿರಲೆಂದು ಹಾಗೆ ಮಾಡಿದಳೆಂದು ಬಹಳ ವರ್ಷಗಳ ನಂತರ ಅರ್ಥವಾಯಿತು.

ನನಗೆ ತೂಕಡಿಕೆ ಬಂದರೆ, "ಮಲಗಿದ್ರೆ ಉಂಟಲ್ಲ, ಎರಡು ಬಾರಿಸ್ತೇನೆ ನೋಡು! ನೀನೂ ಬೈ. ಜೋರಾಗಿ ಬೈ," ಎನ್ನುತ್ತಿದ್ದಳು. ನನಗೆ ಗೊತ್ತಿದ್ದದ್ದು ಬೀದಿಯ ಹಿಂದಿ ಬೈಗುಳ. ಅವತ್ತು ಅದಕ್ಕೂ ಅವಳ ಅಡ್ಡಿಯಿರಲಿಲ್ಲ.

ಮೇಲೆ ಜೆಸಿಬಿಯ ಸದ್ದು ಹತ್ತಿರವಾಯಿತು. ಈ ಕಡೆ ಯಾರೂ ಬದುಕಿಲ್ಲವೆಂದು ಅವಶೇಷ ತೆಗೆಯಲು ಬಂದಿದ್ದರು. ಆಗ ಯಾರೋ ಕೂಗಿದರು: "ಏ, ಮಷೀನ್ ನಿಲ್ಲಸ್ರಿ! ಒಳಗ ಯಾರೋ ನಮ್ಮ ಮಾತಿನ್ಯಾಗ ಬೈಲಾಕತ್ತಾರ!" ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೂಲಿಯಾಳು, ಕಲಬುರಗಿಯ ಶರಣಪ್ಪ. ತನ್ನವರನ್ನೆಲ್ಲ ಕರೆದು ಕೈಯಲ್ಲೇ ಕಲ್ಲು ಸರಿಸತೊಡಗಿದ. "ಬೈಕೋಂತನ ಇರ್ರಿ ಅವ್ವಾ, ನಿಮ್ಮ ದನಿ ಹಿಡದು ಬರ್ತೀವಿ."

ಅಮ್ಮನನ್ನು ಮರುದಿನ ಹೊರತೆಗೆದರು.

ಆಸ್ಪತ್ರೆಗೆ ಒಬ್ಬ ಪುಢಾರಿ ಹಾರದೊಂದಿಗೆ ಬಂದು, ಧೈರ್ಯವೇ ನಿಮ್ಮನ್ನು ಉಳಿಸಿತು ಎಂದ. ಕಾಲು ಕಳೆದುಕೊಂಡು ಮಲಗಿದ್ದ ದೊಡ್ಡಮ್ಮ ಹಾರವನ್ನು ನೆಲಕ್ಕೆಸೆದಳು. "ಹಾಗಾದ್ರೆ ನನ್ನ ತಂಗಿಗೆ ಧೈರ್ಯ ಇರ್ಲಿಲ್ವಾ? ನಮ್ಮನ್ನು ಉಳಿಸಿದ್ದು ಮಂಚ, ಆಮೇಲೆ ಆ ಶರಣಪ್ಪ. ಅವಳನ್ನು ಕೊಂದದ್ದು ಯಾರೂಂತ ಹೇಳು, ಹೇಳಿ ಹೋಗು!" ಅವನು ಹಾರವನ್ನು ದಾಟಿಕೊಂಡು ಹೊರಟುಹೋದ. ಬದುಕುಳಿಯುವ ಗುಟ್ಟುಗಳ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ನನಗೂ ಹಾಗೇ ಏನನ್ನಾದರೂ ಎಸೆಯಬೇಕೆನಿಸುತ್ತದೆ.

ಮಾಲೀಕ ಜಾಮೀನಿನ ಮೇಲೆ ಹೊರಬಂದ. ಕೇಸು ಎಳೆದಾಡುತ್ತಿದ್ದಾಗಲೇ ಅಪ್ಪ ಹೋದ, ದೊಡ್ಡಮ್ಮನೂ ಹೋದಳು. ಕಳೆದ ತಿಂಗಳು ವಿಠ್ಠಲವಾಡಿಯಲ್ಲಿಳಿದು ನೋಡಿಬಂದೆ. ಅಲ್ಲೀಗ ಗಾಜು ಹೊದೆಸಿದ ಎತ್ತರದ ಕಟ್ಟಡ. ವಾಚ್‌ಮನ್ "ಕಿಸ್ಕೆ ಘರ್ ಜಾನಾ ಹೈ?" ಯಾರ ಮನೆಗೆ ಹೋಗಬೇಕೆಂದು ಕೇಳಿದ. ಅಮ್ಮನ ಹೆಸರು ಬಾಯಿಯವರೆಗೆ ಬಂತು. ಅವನು ಇನ್ನೊಮ್ಮೆ ಕೇಳುವವರೆಗೂ ಗೇಟು ಹಿಡಿದು ನಿಂತೇ ಇದ್ದೆ.