ಸುಮ್ಮನೆ ಕೂರಿಸಿದ ಟೀಚರ್

ಹೋದ ವಾರ ಗಡಿಯಾಚೆಯ ನಮ್ಮೂರು ಪುಲ್ಪಳ್ಳಿಯ ರೇಷನ್ ಅಂಗಡಿಯಲ್ಲಿ ಒಬ್ಬ ಖಾಲಿ ಗೋಣಿಚೀಲವನ್ನು ನನ್ನ ಮುಂದೆಯೇ ಕೊಡವಿದ. ಅಕ್ಕಿಧೂಳು, ಸೆಣಬಿನ ಮುಗ್ಗಲು ವಾಸನೆ. ಉಳಿದವರೆಲ್ಲ ಸೀನಿದರು, ನಾನು ಸಾಲು ಬಿಟ್ಟು ಹೊರಗೆ ಬಂದೆ. ನಮ್ಮ ಹೊಲಿಗೆ ಟೀಚರ್ ನಮ್ಮನ್ನು ಕೂರಿಸುತ್ತಿದ್ದುದು ಇಂಥದೇ ಚೀಲಗಳ ಮೇಲೆ, ಶಾಲೆಯ ಅಕ್ಕಿ ಕೋಣೆಯಲ್ಲಿ...

ಆಗ ನಾನು ಒಂಬತ್ತನೇ ಕ್ಲಾಸು. ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ನನ್ನ ಮಾತನ್ನು ಅಣಕಿಸಿದ ಹುಡುಗಿಯೊಬ್ಬಳ ಹಣೆಗೆ ಸ್ಟೀಲಿನ ಊಟದ ಡಬ್ಬಿ ಬೀಸಿಬಿಟ್ಟೆ. ಹೆಡ್‌ಮಾಸ್ತರು ಟಿ.ಸಿ. ಬರೆಯಲು ಕೂತಿದ್ದರು. ಅಡ್ಡ ಬಂದವರು ಹೊಲಿಗೆ ಟೀಚರ್. ಅವರದೇ ತಾತ್ಕಾಲಿಕ ಕೆಲಸ; ಯಾರದೋ ಮಗಳಿಗಾಗಿ ಬಾಯಿ ಹಾಕುವ ದರ್ದು ಅವರಿಗೇನಿತ್ತು? ಆದರೂ, ಒಂದು ತಿಂಗಳು ಇವಳನ್ನು ನನಗೆ ಬಿಡಿ ಎಂದು ಕೇಳಿಕೊಂಡರು.

ದಿನಾ ಊಟವಾದ ಮೇಲೆ ಅಕ್ಕಿ ಕೋಣೆ. ನಾನು, ನನ್ನಂಥ ಇನ್ನೂ ನಾಲ್ಕೈದು ತರಲೆಗಳು. ಕಣ್ಣು ಮುಚ್ಚಿ ಉಸಿರು ಎಣಿಸಬೇಕು, ಅಷ್ಟೇ. ಮಂತ್ರವಿಲ್ಲ, ದೇವರಿಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ನನಗಾಗಿ ಟೀಚರ್ ಹರಕುಮುರುಕು ಕನ್ನಡ ಆಡುತ್ತಿದ್ದರು. "ದೇಷ್ಯ ಬಂತಾ ಮೋಳೇ? ಬರಲಿ ಬಿಡು. ಹತ್ತು ಎಣಿಸು. ಆಮೇಲೂ ಇದ್ರೆ ಹೊಡಿ." ದೇಷ್ಯ ಎಂದರೆ ಸಿಟ್ಟು, ಮೋಳೇ ಎಂದರೆ ಮಗಳೇ. ಹತ್ತು ಎಣಿಸಿದ ಮೇಲೆ ಯಾರಿಗೆ ಹೊಡೆಯುವ ಮನಸ್ಸಿರುತ್ತದೆ? ತಿಂಗಳೊಳಗೆ ಡಬ್ಬಿ ಏಟು ತಿಂದವಳೇ ನನ್ನ ಪಕ್ಕ ಕೂತು ಉಣ್ಣತೊಡಗಿದಳು.

ಟೀಚರ್ ಅದನ್ನು "ಸುಮ್ಮನೆ ಕೂರೋದು" ಎನ್ನುತ್ತಿದ್ದರು. ಧ್ಯಾನ ಎಂಬ ಪದ ಅವರದಲ್ಲ, ನನ್ನದು. ಜಂಬ ಕೊಚ್ಚಿಕೊಳ್ಳಲು ಅಮ್ಮನಿಗೆ ಹೇಳಿದೆ, ಟೀಚರ್ ನಮ್ಮನ್ನು ಧ್ಯಾನಕ್ಕೆ ಕೂರಿಸುತ್ತಾರೆ ಎಂದು. ತನ್ನ ತವರು ಗುಂಡ್ಲುಪೇಟೆಯಲ್ಲಾಗಿದ್ದರೆ ಅಮ್ಮ ಹಿಗ್ಗುತ್ತಿದ್ದಳೇನೋ. ನಮ್ಮೂರಲ್ಲಿ ಧ್ಯಾನಕ್ಕೆ ಹೋಗುವುದೆಂದರೆ ಚರ್ಚಿನವರ ಪ್ರಾರ್ಥನಾ ಶಿಬಿರಕ್ಕೆ ಹೋಗುವುದು. ಪಕ್ಕದ ಮನೆಯಾಕೆ ಕುಡುಕ ಗಂಡನನ್ನು ಎಳೆದುಕೊಂಡು ಹೋಗಿದ್ದು ಅಲ್ಲಿಗೇ. ಟೀಚರ್ ಬೇರೆ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. "ಅಯ್ಯಯ್ಯೋ, ನಮ್ ಮಗೀನ ಜಾತಿ ಕೆಡ್ಸಕ್ಕೆ ನಿಂತವ್ಳಲ್ಲಪ್ಪಾ!" ಎಂದು ಅಮ್ಮ ಮರುದಿನವೇ ಮಾವ, ಚಿಕ್ಕಪ್ಪ ಎಲ್ಲರನ್ನೂ ಕಟ್ಟಿಕೊಂಡು ಶಾಲೆಗೆ ನುಗ್ಗಿದಳು.

ಹೆಡ್‌ಮಾಸ್ತರು ಎಲ್ಲರ ಎದುರು ನನ್ನನ್ನು ನಿಲ್ಲಿಸಿ, ಟೀಚರ್ ನಿನ್ನಿಂದ ಪ್ರಾರ್ಥನೆ ಮಾಡಿಸುತ್ತಿದ್ದರಾ ಎಂದು ಕೇಳಿದರು. ಇಲ್ಲ ಎಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮನ ಉಗುರು ನನ್ನ ತೋಳಿಗೆ ನೆಟ್ಟಿತ್ತು. ಟೀಚರ್ ನನ್ನನ್ನೇ ನೋಡುತ್ತಿದ್ದರು. ಆ ಹೆದರಿಕೆಯಲ್ಲಿ ನಾನು ಮಾಡಿದ್ದೇನು ಗೊತ್ತೇ? ಕಣ್ಣು ಮುಚ್ಚಿ ಎಣಿಸತೊಡಗಿದೆ. ಒಂದು, ಎರಡು...

"ನೋಡ್ರಪ್ಪ, ನಿಂತಲ್ಲೇ ಪ್ರಾರ್ಥನೆ ಮಾಡ್ತಾವ್ಳೆ!" ಎಂದು ಮಾವ ಕೂಗಿದ.

ಹತ್ತಾಯಿತು. ಎದೆ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ, ಬಾಯಿಗೆ ಬಂದಿದ್ದ 'ಇಲ್ಲ' ಕೂಡ ಒಳಗೇ ಉಳಿಯಿತು. ಥೂ ನನ್ನ ಜನ್ಮಕ್ಕೆ! ಸೋಮವಾರದಿಂದ ಟೀಚರ್ ಬರಲಿಲ್ಲ. ನಾನು ಮಾತ್ರ ಒಳ್ಳೆಯ ನಡತೆಯ ಹುಡುಗಿಯಾಗಿಯೇ ಶಾಲೆ ಮುಗಿಸಿದೆ.

ಈಗ ಅದೇ ಶಾಲೆಯ ಗೇಟಿಗೆ ಮಕ್ಕಳ ಒತ್ತಡ ನಿವಾರಣೆಯ ತರಬೇತಿ ಎಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಹೇಳಿಕೊಡುವವರು ಮೈಕು ಹಿಡಿದು ಉಸಿರು ಎಣಿಸಿ ಎನ್ನುತ್ತಾರೆ. ತನ್ನ ಮೊಮ್ಮಗಳನ್ನು ಅಲ್ಲಿ ಬಿಟ್ಟು ಬರುವುದು ನನ್ನ ಅಮ್ಮನೇ. ಏನಾದರೂ ನೆನಪಿದೆಯಾ ಎಂದರೆ, "ಹಳೇದೆಲ್ಲ ಯಾಕವ್ವ ಈಗ" ಅನ್ನುತ್ತಾಳೆ.

ರೇಷನ್ ಅಂಗಡಿಯಿಂದ ಮನೆಗೆ ಹೋಗಲಾಗಲಿಲ್ಲ. ಬಸ್ಸು ಹತ್ತಿ ಚೇಕಾಡಿಗೆ, ಟೀಚರ್ ಮನೆಗೆ ಹೋದೆ. ಇಷ್ಟು ವರ್ಷ ಹೋಗದವಳು! ಅವರು ತೀರಿಕೊಂಡು ಎರಡು ಮಳೆಗಾಲವಾಗಿದೆ ಎಂದರು ಅವರ ತಂಗಿ. ನಾನು ಯಾರೆಂದು ಹೇಳುತ್ತಿದ್ದಂತೆ ಆಕೆಗೆ ಗುರುತು ಹತ್ತಿತು.

"ಕನ್ನಡದ ಹುಡುಗಿ ಅಲ್ವಾ? ಅವಳು ಪ್ರಾರ್ಥನೆ ಮಾಡ್ತಾ ಇರಲಿಲ್ಲ, ಎಣಿಸ್ತಾ ಇದ್ಲು ಅಂತ ನಮ್ಮಕ್ಕ, ಚೇಚಿ, ಹೇಳ್ತಿದ್ರು. ಹತ್ತಾದ ಮೇಲೆ ಬಾಯಿ ಬಿಡ್ತಾಳೆ ಅಂತ ಕಾಯ್ತಾ ನಿಂತಿದ್ರಂತೆ."