ಒಗೆಯಬಾರದ ಕೋಟು

ಹ್ಯಾಮಿಲ್ಟನ್ನಿನ ಬಂದರಿನ ಕಡೆ ಇನ್ನೂ ಬೆಳಕು ಹರಿದಿಲ್ಲ. ಹಳೆಯ ಉಕ್ಕಿನ ಗೋದಾಮಿನ ಹಿಂಬಾಗಿಲು ತೆಗೆದು ಇಲ್ಡಾ ಫುರ್ಟಾಡೊ ಒಳಗೆ ಬರುತ್ತಾರೆ. ಬೂಟಿಗೆ ಮೆತ್ತಿದ ಹಿಮ ಒದರಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಲೆ ಹಚ್ಚುತ್ತಾರೆ. ಒಲೆಯ ಮೇಲೆ ಏರುವುದು ಅಡುಗೆಯಲ್ಲ, ರಕ್ತ.

ಜೋಳದ ಪಾಕ, ಕೆಂಪು ಬಣ್ಣ, ಒಂದು ತೊಟ್ಟು ನೀಲಿ. ಹಸಿ ಗಾಯಕ್ಕೆ ಇಷ್ಟು ಸಾಕು. ಬೆಳಿಗ್ಗೆ ಆದ ಗಾಯ ಸಂಜೆ ಹೊತ್ತಿಗೆ ಕಂದಿದಂತೆ ಕಾಣಬೇಕಾದರೆ ಚಿಟಿಕೆ ಕೋಕೋ ಪುಡಿ, ಎರಡು ಚಮಚ ಕಪ್ಪು ಕಾಫಿ. ಮರದ ಸೌಟಿನಿಂದ ತಿರುವುತ್ತಾ ಅವರು ನಾಲಗೆಗೆ ಹಚ್ಚಿ ನೋಡುತ್ತಾರೆ.

"ಸಿಹಿ ಇರ್ಬೇಕು. ನಟರು ಇದನ್ನ ಬಾಯಲ್ಲಿ ಇಟ್ಕೊಂಡು ಸಾಯ್ಬೇಕಲ್ಲ. ಕಹಿ ಮಾಡಿದ್ರೆ ಮುಖ ಸಿಂಡರಿಸ್ಕೊಂಡು ಸಾಯ್ತಾರೆ."

'ಪಿಯರ್ ಸ್ಟ್ರೀಟ್ ಎಮರ್ಜೆನ್ಸಿ' ಎಂಬ ಆಸ್ಪತ್ರೆಯ ಧಾರಾವಾಹಿ ಟಿವಿಯಲ್ಲಿ ಹತ್ತೊಂಬತ್ತು ವರ್ಷದಿಂದ ಓಡುತ್ತಿದೆ. ಅದರ ಚಿತ್ರೀಕರಣ ಇದೇ ಗೋದಾಮಿನಲ್ಲಿ. ಅದರ ಡಾಕ್ಟರುಗಳನ್ನು ದೇಶವೇ ಬಲ್ಲದು. ಅವರ ಕೋಟಿನ ಮೇಲಿನ ಕಲೆ ಯಾರ ಕೈಯಿಂದ ಬಿತ್ತೆಂದು ಯಾರೂ ಕೇಳಿದವರಲ್ಲ. ಅದು ಇಲ್ಡಾರ ಕೆಲಸ. ಅಚ್ಚುಕಟ್ಟಾಗಿ ಹೊಲಿದ ಬಟ್ಟೆಗೆ ಅಚ್ಚುಕಟ್ಟಾಗಿ ಕೊಳೆ ಹಚ್ಚುವುದು.

ಅಜೋರಿಸ್ ದ್ವೀಪಗಳಿಂದ ಅಪ್ಪ ಅಮ್ಮನ ಜೊತೆ ಬಂದ ಹುಡುಗಿ ಇಲ್ಲಿ ಅಂಗಿ ಹೊಲಿಯುವ ಕಾರ್ಖಾನೆ ಸೇರಿದ್ದಳು. ಒಂದು ದಿನ ಯಂತ್ರದ ಸೂಜಿ ಬಲಗೈಯ ಕಿರುಬೆರಳಿಗೆ ಇಳಿಯಿತು. ಆ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ, ಗುಂಡಿ ಹಚ್ಚಲು ಒಂದು ವಾರದ ಮಟ್ಟಿಗೆ ಎಂದು ಈ ಧಾರಾವಾಹಿಗೆ ಬಂದವರು ಇಲ್ಲೇ ಉಳಿದರು. "ನಮ್ಮಮ್ಮ ಇದ್ದಿದ್ರೆ ಬಾರಿಸೋಳು," ಎನ್ನುತ್ತಾರೆ. "ಬಟ್ಟೆ ಗಲೀಜು ಮಾಡಿ ಸಂಬಳ ತಗೊಳ್ತೀಯೇನೇ ಅಂತ."

ಈ ಕಸುಬಿಗೆ ಒಂದು ಕಟ್ಟಳೆಯಿದೆ. ದೃಶ್ಯಗಳನ್ನು ಕಥೆಯ ಸಾಲಿನಲ್ಲೇ ಚಿತ್ರೀಕರಿಸುವುದಿಲ್ಲ. ಇವತ್ತು ಸತ್ತವರು ನಾಳೆ ಬದುಕಿರಬೇಕಾಗುತ್ತದೆ, ಮುಂದಿನ ವಾರ ಮತ್ತೆ ಸಾಯುತ್ತಿರಬೇಕಾಗುತ್ತದೆ. ಹಾಗಾಗಿ ಕಲೆ ಬಿದ್ದ ಬಟ್ಟೆ ಸಂಚಿಕೆ ಪೂರ್ತಿ ಮುಗಿಯುವವರೆಗೂ ಹಾಗೇ ಇರಬೇಕು. ಅದರ ಹ್ಯಾಂಗರಿಗೆ ಇಲ್ಡಾ ಕೆಂಪು ಪಟ್ಟಿ ಕಟ್ಟುತ್ತಾರೆ. ಕೆಂಪು ಪಟ್ಟಿಯ ಬಟ್ಟೆಗೆ ನೀರು ಸೋಕುವಂತಿಲ್ಲ. ಗೋದಾಮಿನ ಕಸ ಗುಡಿಸುವವರಿಗೂ ಇದು ಗೊತ್ತು.

ಗೊತ್ತಿಲ್ಲದೆ ಇದ್ದವರು ಕರ್ಸ್ಟನ್ ವಾಂಡರ್‌ಮೀರ್. ಆನ್‌ಲೈನ್ ವಿಭಾಗದ ಮುಖ್ಯಸ್ಥೆ. ಎರಡು ಸಂಚಿಕೆಗಳ ನಡುವೆ ಜನ ಬೇಸರಪಡಬಾರದೆಂದು ಐದೈದು ನಿಮಿಷದ ತುಣುಕು ಕಥೆಗಳನ್ನು ಮಾಡಿ ಇಂಟರ್ನೆಟ್ಟಿಗೆ ಬಿಡುವುದು ಅವರ ಕೆಲಸ. ಇಲ್ಡಾರಿಗೆ ಈ ತುಣುಕುಗಳೆಂದರೆ ತಲೆನೋವು.

"ಮೊದಲು ಬರೀ ಊಟ ಇತ್ತು. ಆಮೇಲೆ ಹಬ್ಬದೂಟ ಬಂತು, ಕ್ರಿಸ್‌ಮಸ್ ವಿಶೇಷ, ಬಿರುಗಾಳಿ ವಿಶೇಷ. ಈಗ ಊಟದ ಮಧ್ಯೆ ಹುರಿಗಾಳು ಬೇರೆ. ಜನರಿಗೆ ಸುಮ್ನೆ ಕೂತ್ಕೊಳ್ಳೋದೇ ಮರೆತು ಹೋಗಿದೆ ಕಣಪ್ಪ." ಸೌಟು ತಿರುವುತ್ತಲೇ, "ಕರ್ಸ್ಟನ್ ಒಳ್ಳೇವಳು. ಅದೇ ತೊಂದರೆ," ಎನ್ನುತ್ತಾರೆ.

ಅದು ಹಿಂದಿನ ಶರತ್ಕಾಲದ ಮಾತು. ಎರಡು ಗಂಟೆಯ ವಿಶೇಷ ಸಂಚಿಕೆಯಲ್ಲಿ ಹಿರಿಯ ನರ್ಸ್ ನೊರೀನ್ ಪಾತ್ರ ಸಾಯಬೇಕಿತ್ತು. ದೊಡ್ಡ ಡಾಕ್ಟರರ ತೋಳಿನಲ್ಲಿ ಪ್ರಾಣ ಬಿಡುವಾಗ ಆಕೆಯ ರಕ್ತದ ಕೈ ಅವರ ಬಿಳಿ ಕೋಟಿನ ಮೇಲೆ ಊರಬೇಕು. ಇಲ್ಡಾ ಅಂಥ ಮೂರು ಕೋಟುಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದರು. ಆದರೆ ನಟಿ ಆ ಹೊತ್ತಿನ ಆವೇಶದಲ್ಲಿ ಅಭ್ಯಾಸ ಮಾಡಿದ ಜಾಗ ಬಿಟ್ಟು ಜೇಬಿನ ಮೇಲ್ಗಡೆ, ಸರಿಯಾಗಿ ಹೃದಯದ ಮೇಲೆ ಕೈ ಊರಿದರು. ನಿರ್ದೇಶಕರು ಕಣ್ಣೊರೆಸಿಕೊಂಡು, ಇದೇ ಇರಲಿ ಎಂದರು. ನಟಿ ಆ ರಾತ್ರಿಯೇ ವಿನಿಪೆಗ್ಗಿಗೆ ವಿಮಾನ ಹತ್ತಿದರು. ಆ ಅಚ್ಚಿದ್ದ ಕೋಟು ಉಳಿದದ್ದು ಒಂದೇ.

ಶುಕ್ರವಾರ ಕರ್ಸ್ಟನ್ ಅದನ್ನು ಕೇಳಿ ಒಯ್ದರು. ಡಾಕ್ಟರು ಮೆಟ್ಟಿಲ ಮೇಲೆ ಒಬ್ಬರೇ ಕೂತಿರುವ ತುಣುಕೊಂದನ್ನು ಬೇರೆಡೆ ಚಿತ್ರೀಕರಿಸಬೇಕಿತ್ತು. ಸೋಮವಾರ ಬೆಳಿಗ್ಗೆ ಅದೇ ಕೋಟಿನಲ್ಲಿ ಡಾಕ್ಟರು ಆಸ್ಪತ್ರೆಯ ಮೊಗಸಾಲೆಗೆ ಬಂದು ನೊರೀನಳ ತಾಯಿಗೆ ಸಾವಿನ ಸುದ್ದಿ ಹೇಳುವ ದೃಶ್ಯ. ಡಾಕ್ಟರರ ಪಾತ್ರ ಮಾಡುತ್ತಿದ್ದ ಹಿರಿಯ ನಟ ಅಂದೇ ನಿವೃತ್ತರಾಗುವವರು. ಮಧ್ಯಾಹ್ನದ ಮೇಲೆ ಆ ಮೊಗಸಾಲೆಯ ಸೆಟ್ಟನ್ನೂ ಕೀಳುವುದಿತ್ತು. ಬೆಳಿಗ್ಗೆ ತಪ್ಪಿದರೆ ಆ ದೃಶ್ಯವೇ ಇಲ್ಲ.

ಸೋಮವಾರ ನಸುಕಿಗೆ ಕರ್ಸ್ಟನ್ ನಗುನಗುತ್ತಾ ಬಂದರು. ಕೋಟು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಲಿನ ಹಾಗೆ ಹೊಳೆಯುತ್ತಿತ್ತು. ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು. ಲ್ಯಾವೆಂಡರ್ ಹೂವಿನ ವಾಸನೆ ಬೇರೆ.

"ಇದೇನಮ್ಮ ಇದು?" ಇಲ್ಡಾ ಕೇಳಿದರು.

"ಕೋಟು. ಶುಕ್ರವಾರ ಇಸ್ಕೊಂಡು ಹೋಗಿದ್ನಲ್ಲ."

"ಕೋಟು ಅಂತ ಕಾಣ್ತಿದೆ. ಕೈ ಎಲ್ಲಿ?"

"ಯಾವ ಕೈ?"

"ಸತ್ತೋಳ ಕೈ."

ಕರ್ಸ್ಟನ್ ಮುಖವೂ ಕೋಟಿನ ಬಣ್ಣಕ್ಕೆ ತಿರುಗಿತು. "ಇಸ್ಕೊಂಡ ಬಟ್ಟೆನ ಒಗೀದೆ ವಾಪಸ್ ಕೊಡಬಾರ್ದು ಅಂತ ನಮ್ಮಮ್ಮ... ಎರಡು ಸಲ ನೆನೆ ಹಾಕಿ ಉಜ್ಜಿದೆ ಇಲ್ಡಾ. ಹೋಗ್ತಾನೇ ಇರ್ಲಿಲ್ಲ."

"ಹೋಗಬಾರ್ದು ಅಂತ್ಲೇ ಅಲ್ವೇ ಅದು ಇದ್ದಿದ್ದು. ಕೆಂಪು ಪಟ್ಟಿ ಎಲ್ಲಿ?"

"ಇಸ್ತ್ರಿಗೆ ಅಡ್ಡ ಬಂತು, ಬಿಚ್ಚಿಟ್ಟೆ."

ಇಲ್ಡಾ ಕುರ್ಚಿ ಎಳೆದು ಕೂತರು. ಬೈಯಲು ಬಾಯಿ ತೆರೆದರೆ ಯಾರನ್ನು ಬೈಯುವುದು? "ಒಗೀಬೇಡ ಅಂತ ನಾನೂ ಹೇಳಿರ್ಲಿಲ್ಲ. ಸೋಪು ತಿನ್ಬೇಡ ಅಂತ ಯಾರಾದ್ರೂ ಹೇಳ್ತಾರಾ?" ಎಂದು ಈಗಲೂ ಹಣೆ ಒತ್ತಿಕೊಳ್ಳುತ್ತಾರೆ.

ಅಚ್ಚಿನ ಫೋಟೋ ಇತ್ತು, ಒತ್ತಲು ನಟಿಯ ಕೈ ಇರಲಿಲ್ಲ. ಕರ್ಸ್ಟನ್ ತಮ್ಮ ಕೈಯನ್ನೇ ಮುಂದೆ ಚಾಚಿದರು. ಹರಕು ಬಟ್ಟೆಯ ಮೇಲೆ ಒತ್ತಿ ನೋಡಿದರೆ ಹೊಲದಲ್ಲಿ ದುಡಿದ ಮನೆತನದ ಅಗಲವಾದ ಅಂಗೈ. ಮೇಕಪ್ಪಿನ ಹುಡುಗಿಯರ ಕೈ ಗುಬ್ಬಚ್ಚಿಯಷ್ಟು. ಕೊನೆಗೆ ಇಲ್ಡಾ ತಮ್ಮದನ್ನು ಒತ್ತಿದರು. ಅಂಗೈ ಸರಿ, ಬೆರಳುಗಳ ಉದ್ದ ಸರಿ. ಕಿರುಬೆರಳೊಂದು ಒಳಕ್ಕೆ ಬಾಗಿತ್ತು. ಹೊರಗೆ ಡಾಕ್ಟರರ ಹೆಸರು ಕೂಗುತ್ತಿದ್ದರು.

"ಊರ ದೇವರು ಸಾಂತೊ ಕ್ರಿಸ್ತೊನ ನೆನೆಸ್ಕೊಂಡೆ. ಸ್ವಾಮಿ, ಇದೊಂದು ಸಲ ಬೆರಳು ನೆಟ್ಟಗೆ ಮಾಡು ಅಂದೆ. ಅವನು ಮಾಡ್ಲಿಲ್ಲ. ಹಾಗೇ ಒತ್ತಿದೆ."

ಒಂದೇ ಸಲ, ಸರಿಯಾಗಿ ಹೃದಯದ ಮೇಲೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಗೆ ಹಿಡಿದು, ಕಾಫಿ ಸವರಿ, ನಟರ ಹೆಗಲಿಗೇರಿಸಿ ಕಳಿಸಿದರು. ಹಿರಿಯ ನಟ ಆ ಕೋಟು ತೊಟ್ಟು ಹೊರಬಂದು ಒಬ್ಬ ತಾಯಿಯ ಮುಂದೆ ನಿಂತರು. ಅಚ್ಚಿನ ಮೇಲೆ ತಮ್ಮ ಕೈ ಇಟ್ಟುಕೊಂಡರು. ಅಲ್ಲಿದ್ದ ಯಾರೂ ಬೆರಳು ನೋಡಲಿಲ್ಲ.

ಸಂಚಿಕೆ ಟಿವಿಯಲ್ಲಿ ಬಂದ ದಿನ ಇಲ್ಡಾ ಗಂಡನ ಜೊತೆ ಕೂತು ಸೊಪ್ಪಿನ ಸಾರು ಕುಡಿಯುತ್ತಾ ನೋಡಿದರು. ಗಂಡ ನೊರ್ಬೆರ್ತೊ ಮಾತು ಕಡಿಮೆಯ ಮನುಷ್ಯ. ಡಾಕ್ಟರು ಹೊರಗೆ ಬರುತ್ತಿದ್ದಂತೆ ಅವರ ಚಮಚ ನಿಂತಿತು.

"ಏನೇ, ಆ ಮುದುಕನ ಎದೆ ಮೇಲೆ ನಿನ್ನ ಕೈ ಯಾಕಿದೆ?"

"ನನ್ನ ಕೈ ಅಂತ ಹೇಗೆ ಹೇಳ್ತೀಯಾ?"

"ದಿನಾ ಬಡಿಸೋ ಕೈ ಗೊತ್ತಾಗಲ್ವಾ?" ಎಂದು ಸಾರಿನ ಕಡೆ ತಿರುಗಿದರು.

ಗಂಡನ ಕಣ್ಣಿಗೆ ಬಿದ್ದದ್ದು ಅಲ್ಲಿಗೇ ಮುಗಿಯಿತು. ಅಭಿಮಾನಿಗಳ ಕಣ್ಣಿಗೆ ಬಿದ್ದದ್ದು ಮುಗಿಯಲಿಲ್ಲ. ಅವರು ಕರ್ಸ್ಟನ್‌ರ ತುಣುಕನ್ನೂ ವಿಶೇಷ ಸಂಚಿಕೆಯನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. ಮೆಟ್ಟಿಲ ಮೇಲೆ ಕೂತಾಗ ಕಿರುಬೆರಳು ನೆಟ್ಟಗೆ, ತಾಯಿಯ ಮುಂದೆ ನಿಂತಾಗ ಬಾಗಿದೆ. ಹಾಗಾದರೆ ನೊರೀನ್ ಸತ್ತ ಕೋಣೆಯಲ್ಲಿ ಇನ್ನೊಬ್ಬರಿದ್ದರು. ಆಕೆ ಯಾರು? ನೊರೀನ್ ನಿಜವಾಗಿ ಸತ್ತಳೇ? ತಿಂಗಳುಗಟ್ಟಲೆ ಇದೇ ಚರ್ಚೆ. ಕಥೆ ಬರೆಯುವವರಿಗೆ ಇದು ಬಹಳ ಹಿಡಿಸಿತು. ಆ ಇನ್ನೊಬ್ಬಳನ್ನು ಹುಡುಕುವ ಆರು ತುಣುಕುಗಳು ಸಿದ್ಧವಾಗುತ್ತಿವೆ.

ಇವತ್ತು ಒಲೆಯ ಮೇಲೆ ರಕ್ತ ಕುದಿಯುತ್ತಿರುವುದು ಅದಕ್ಕೇ. ಬಾಗಿದ ಬೆರಳಿನ ಅಚ್ಚಿನ ಇನ್ನೂ ನಾಲ್ಕು ಕೋಟು ಬೇಕಂತೆ. ಕರ್ಸ್ಟನ್ ಡೋನಟ್ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

"ಒಳಗೆ ಬರ್ಲಾ?"

"ಬಾ. ಏನನ್ನೂ ಮುಟ್ಬೇಡ."

"ಇಲ್ಡಾ, ಆ ಇನ್ನೊಬ್ಬಳ ಕೈ ಕ್ಯಾಮೆರಾದಲ್ಲಿ ತೋರಿಸ್ಬೇಕಂತೆ. ನಿಮ್ಮದೇ ಆಗ್ಬೇಕು. ಹೆಸರೂ ಹಾಕ್ತೀವಿ."

"ನನ್ನ ತಪ್ಪಿಗೆ ನೀವು ಕಥೆ ಕಟ್ಟಿದ್ರಿ. ಈಗ ಕಥೆಗೆ ನಾನು ಮತ್ತೆ ಅದೇ ತಪ್ಪು ಮಾಡ್ಬೇಕು. ಹೆಸರು ಬೇರೆ ಯಾಕೆ? ನೋಡಬೇಕಾದೋನು ನೋಡಿ ಸಾರು ಕುಡಿದಾಯ್ತು."

ಬೈಯುತ್ತಲೇ ಅವರು ಕೈಯನ್ನು ಪಾಕದಲ್ಲಿ ಅದ್ದಿ, ಹೊಸ ಕೋಟಿನ ಎದೆಯ ಮೇಲೆ ಮೆಲ್ಲಗೆ ಊರುತ್ತಾರೆ. ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿರುತ್ತದೆ. ಕೈ ಎತ್ತಿದಾಗ ಕಿರುಬೆರಳು ಬಾಗಿಯೇ ಮೂಡಿದೆ. ಅದನ್ನು ತಲೆ ಓರೆಮಾಡಿ ನೋಡಿ, "ಹೂಂ, ನನ್ದೇ," ಎನ್ನುತ್ತಾರೆ.

ಗೋಡೆಯ ಮೂಲೆಯಲ್ಲಿ ಆ ಮೊದಲ ಕೋಟು ತೂಗುತ್ತಿದೆ. ಅದಕ್ಕೆ ಈಗ ಒಂದರ ಮೇಲೊಂದು ಎರಡು ಕೆಂಪು ಪಟ್ಟಿ. ಕಥೆ ಮುಗಿಯುವವರೆಗೆ ಅದಕ್ಕೆ ನೀರಿಲ್ಲ, ಕಥೆ ಮುಗಿಯುವ ಲಕ್ಷಣವಿಲ್ಲ. ಬೇರೇನಾದರೂ ಆಸೆ ಇದೆಯೇ ಎಂದರೆ ಇಲ್ಡಾ ಆ ಕೋಟಿನ ಕಡೆ ಗಲ್ಲ ತೋರಿಸುತ್ತಾರೆ.

"ಒಂದಲ್ಲ ಒಂದು ದಿನ ಇವರಿಗೆ ಸಾಕಾಗುತ್ತೆ. ಆವತ್ತು ಅದನ್ನ ತಣ್ಣೀರಲ್ಲಿ ನೆನೆ ಹಾಕಿ, ಸೋಪು ಹಚ್ಚಿ, ಚೆನ್ನಾಗಿ ಒಗೆದು ಹಿತ್ತಲ ಬಿಸಿಲಿಗೆ ಹಾಕ್ಬೇಕು. ಅಷ್ಟೇ." ಆಮೇಲೆ ಬಾಗಿಲ ಕಡೆ ತಿರುಗಿ ಕರ್ಸ್ಟನ್‌ರಿಗೆ ಹೇಳುತ್ತಾರೆ, "ನಾನೇ ಒಗೀತೀನಿ. ನೀನು ಬೇಕಾದ್ರೆ ಇಸ್ತ್ರಿ ಮಾಡು."