ಅವರ ಮಾತನ್ನು ನಾನು ಕನ್ನಡದಲ್ಲಿ ಹೇಳಿದೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಬಂದ ಕಾಗದಗಳನ್ನು ಆವಕ ರಿಜಿಸ್ಟರಿನಲ್ಲಿ ಬರೆದು, ಮುದ್ರೆ ಒತ್ತಿ, ಪ್ರಾಂಶುಪಾಲರ ಮೇಜಿಗೆ ಮುಟ್ಟಿಸುವುದು, ಅವರು ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ಅಪ್ಪ ಅಮ್ಮ ಗುಲ್ಬರ್ಗಾ ಕಡೆಯಿಂದ ಬಂದು ಸದಾಶಿವ ಪೇಠದಲ್ಲಿ ಹಲವು ಬಾಡಿಗೆ ಸಂಸಾರಗಳಿದ್ದ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನಗೆ ಕನ್ನಡ ಬರುತ್ತದೆಂಬುದು ಆ ಸೋಮವಾರದವರೆಗೆ ಕಚೇರಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಹಿಂದಿನ ಶುಕ್ರವಾರ ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗಿಯೊಬ್ಬಳು ಅರ್ಜಿ ಕೊಟ್ಟು ಹೋಗಿದ್ದಳು. ಪ್ರಯೋಗಾಲಯದ ಅಧ್ಯಾಪಕರು ಜರ್ನಲಿಗೆ ಸಹಿ ಹಾಕುತ್ತೇನೆಂದು ಕರೆದು, ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ತನ್ನನ್ನು ಹಿಡಿದರು, ಮೈಮೇಲೆ ಕೈ ಹಾಕಿದರು, ಕಿರುಚಿದಾಗ ಬಾಯಿ ಮುಚ್ಚಿದರು ಎಂದು ಮರಾಠಿಯಲ್ಲಿ ಬರೆದಿದ್ದಳು. ಅಕ್ಷರಗಳು ದುಂಡಗಿದ್ದವು. ಒಂದು ಕಡೆ ಮಾತ್ರ ಪೆನ್ನು ಕಾಗದವನ್ನು ಹರಿದಿತ್ತು. ನಾನು ಮುದ್ರೆಗೆ ಕೈ ಹಾಕುವಷ್ಟರಲ್ಲಿ ಪ್ರಾಂಶುಪಾಲರು, "ಇದನ್ನು ಸದ್ಯ ಆವಕದಲ್ಲಿ ತಗೋಬೇಡಿ" ಎಂದು ಅರ್ಜಿಯನ್ನು ತಮ್ಮ ಡ್ರಾಯರಿನಲ್ಲಿಟ್ಟರು.

ಸೋಮವಾರ ಹುಡುಗಿಯ ತಾಯಿಯನ್ನು ಕರೆಸಿದರು. ಆಕೆ ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುವವಳು, ಗಂಡನಿಲ್ಲ. ಪಾದಗಳಿಗೆ ಸಿಮೆಂಟು ಮೆತ್ತಿತ್ತು. ಕುರ್ಚಿಯ ತುದಿಯಲ್ಲಿ ಕುಳಿತಳು. ಪಕ್ಕದಲ್ಲಿ ಮಗಳು ತಲೆ ತಗ್ಗಿಸಿ ನಿಂತಿದ್ದಳು. ತಾಯಿಗೆ ಮರಾಠಿ ಅಷ್ಟಕ್ಕಷ್ಟೆ. ಆದ್ದರಿಂದ ನನ್ನನ್ನು ಒಳಗೆ ಕರೆದರು.

ಪ್ರಾಂಶುಪಾಲರು ಸೌಮ್ಯವಾಗಿಯೇ ಮಾತಾಡಿದರು. ಸುದ್ದಿ ಹಬ್ಬಿದರೆ ಹುಡುಗಿಯ ಮದುವೆಗೆ ತೊಂದರೆ. ಅಧ್ಯಾಪಕರಿಗೂ ಹೆಂಡತಿ ಮಕ್ಕಳಿದ್ದಾರೆ. ಅರ್ಜಿ ವಾಪಸು ಪಡೆದರೆ ಅವಳ ಓದಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇವೆ. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ. ಕೊನೆಗೆ, "ಅವ್ವಾ, ನಿಮ್ಮ ಮಗಳ ಒಳ್ಳೇದಕ್ಕ ಹೇಳಾಕತ್ತಾರ್ರಿ" ಎಂದೂ ಸೇರಿಸಿದೆ. ಅದನ್ನು ಹೇಳೆಂದು ನನಗೆ ಯಾರೂ ಹೇಳಿರಲಿಲ್ಲ.

ಆಕೆ ಪ್ರಾಂಶುಪಾಲರನ್ನು ಬಿಟ್ಟು ನನ್ನ ಮುಖ ನೋಡಿದಳು. "ತಂಗಿ, ಇದು ಅವರ ಮಾತೋ, ನಿನ್ನ ಮಾತೋ?"

ನಾನು ಪ್ರಾಂಶುಪಾಲರ ಡ್ರಾಯರಿನ ಕಡೆ ನೋಡಿದೆ.

"ನಿನಗ ಹಿಂಗಾಗಿದ್ರ ನಿಮ್ಮವ್ವಗೂ ಇದನ್ನ ಹೇಳ್ತಿದ್ದೇನು?"

"ಏನಂತೆ?" ಎಂದರು ಪ್ರಾಂಶುಪಾಲರು ಮರಾಠಿಯಲ್ಲಿ.

"ಅರ್ಜಿ ವಾಪಸು ತಗೊಳ್ಳೋದಿಲ್ಲವಂತೆ ಸರ್" ಎಂದುಬಿಟ್ಟೆ. ಆಕೆ ಹಾಗೆ ಹೇಳಿರಲಿಲ್ಲ. ಆಕೆಯ ಕಡೆ ತಿರುಗಿ, "ಅರ್ಜಿ ವಾಪಸ್ ತಗೋಳಂಗಿಲ್ಲ ಅಂತ ಹೇಳೀನ್ರಿ ಅವ್ವಾ. ಬರೋಬ್ಬರಿ ಅದ ಏನ್ರಿ?" ಎಂದು ಕೇಳಿದೆ.

"ಬರೋಬ್ಬರಿ ಅದ" ಎಂದಳು. ಮಗಳು ಆಗ ತಲೆ ಎತ್ತಿದಳು.

ತಾಯಿ ಮಗಳು ಹೊರಟಾಗ ಮೆಟ್ಟಿಲ ಹತ್ತಿರ ಹುಡುಗಿಗೆ, ಅದೇ ಅರ್ಜಿಯನ್ನು ಮತ್ತೆ ಎರಡು ಪ್ರತಿ ಬರೆದು ತಾ ಎಂದೆ. ಮರುದಿನ ತಂದಳು. ಎರಡಕ್ಕೂ ಮುದ್ರೆ ಒತ್ತಿ, ನಂಬರು ಹಾಕಿ, ಒಂದನ್ನು ಅವಳಿಗೇ ಕೊಟ್ಟೆ. ಅವಳು ಅದರ ಝೆರಾಕ್ಸನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದಳು. ಯಾರ ಅಪ್ಪಣೆ ಇತ್ತೆಂದು ಪ್ರಾಂಶುಪಾಲರು ಗದರಿದಾಗ, ಬಂದ ಕಾಗದ ಬರೆದುಕೊಳ್ಳುವುದು ನನ್ನ ಕೆಲಸ ಎಂದೆ.

ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಪತ್ರ ಬಂತು: ದೂರಿನ ಬಗ್ಗೆ ನಿಮ್ಮ ಸಮಿತಿ ಏನು ಮಾಡಿದೆ? ಹೆಣ್ಣುಮಕ್ಕಳ ಇಂಥ ದೂರು ವಿಚಾರಿಸಲು ಪ್ರತಿ ಕಾಲೇಜಿನಲ್ಲಿ ಸಮಿತಿ ಇರಬೇಕೆಂದು ಮೊದಲೇ ಸುತ್ತೋಲೆ ಬಂದಿತ್ತು. ಆಗ ಸದಸ್ಯರೆಂದು ಮೂರು ಹೆಸರುಗಳನ್ನು ನಾನೇ ಟೈಪು ಮಾಡಿದ್ದೆ. ಅವರಲ್ಲಿ ಒಬ್ಬರಾದ ಸಸ್ಯಶಾಸ್ತ್ರದ ಮೇಡಂಗೆ ತಾವು ಸದಸ್ಯೆ ಎಂಬುದೇ ಗೊತ್ತಿರಲಿಲ್ಲ. ಆದರೆ ಗೊತ್ತಾದ ಮೇಲೆ ಅವರು ಬಿಡಲಿಲ್ಲ. "ಒಬ್ಬಳೇ ಯಾಕೆ ಹೋದೆ?" ಎಂದು ವಿಚಾರಣೆಯಲ್ಲಿ ಇನ್ನೊಬ್ಬ ಸದಸ್ಯರು ಹುಡುಗಿಯನ್ನು ಮೂರನೆಯ ಸಲ ಕೇಳಿದಾಗ, "ಬಾಗಿಲು ಯಾಕೆ ಹಾಕಿದಿರಿ ಅಂತ ಆ ಅಧ್ಯಾಪಕರನ್ನು ಒಂದು ಸಲವಾದರೂ ಕೇಳಿ" ಎಂದರು ಮೇಡಂ. ಹಿಂದಿನ ವರ್ಷದ ಇಬ್ಬರು ವಿದ್ಯಾರ್ಥಿನಿಯರನ್ನು ಕರೆಸಿದರು. ಅವರೂ ಅದೇ ಕೋಣೆಯ ಮಾತು ಹೇಳಿದರು. ಎಲ್ಲವನ್ನೂ ನಾನು ಬರೆದುಕೊಂಡೆ.

ತೀರ್ಮಾನವನ್ನೂ ನಾನೇ ಟೈಪು ಮಾಡಿದೆ. ಅಧ್ಯಾಪಕರಿಗೆ ನಮ್ಮ ಕಾಲೇಜು ನಡೆಸುವ ಸಂಸ್ಥೆಯದೇ ಇನ್ನೊಂದು ಕಾಲೇಜಿಗೆ ವರ್ಗ. ಕಾರಣ, ಆಡಳಿತದ ಅನುಕೂಲ. ನನ್ನನ್ನೂ ಗ್ರಂಥಾಲಯಕ್ಕೆ ಹಾಕಿದರು.

ಹುಡುಗಿ ಕಾಲೇಜು ಬಿಡಲಿಲ್ಲ. ಪಾಸಾಗಿ ಅಂಕಪಟ್ಟಿ ಒಯ್ಯಲು ಬಂದ ದಿನ ಗ್ರಂಥಾಲಯಕ್ಕೂ ಬಂದಳು. ನಾನು ಖುಷಿಯಿಂದ ಮಾತಾಡಿಸಿದೆ. ಅವಳು, "ಆ ಸರ್ ಹೋದಲ್ಲೂ ಹುಡುಗ್ಯಾರು ಇರ್ತಾರಲ್ರಿ ಅಕ್ಕಾ?" ಎಂದಳು.

ಆ ಕಾಲೇಜಿನ ವಿಳಾಸ ಬರೆದುಕೊಟ್ಟೆ. ಅವಳು ಗ್ರಂಥಾಲಯದ ಮೇಜಿಗೇ ಕುಳಿತು ಆ ಕಾಲೇಜಿನ ಪ್ರಾಂಶುಪಾಲರಿಗೆ ಎರಡು ಪುಟದ ಪತ್ರ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಅದಕ್ಕೆ ಉತ್ತರ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುಂದಿನ ವರ್ಷ ಆ ಮನುಷ್ಯ ಅಲ್ಲಿ ಕೆಲಸ ಬಿಟ್ಟನೆಂದು ಯಾರೋ ಹೇಳಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.